ಇಪ್ಪತ್ತೆರಡು ಕೋಳಿ, ಒಂದು ನೆಮ್ಮದಿ ಮುದ್ರೆ

ಸತ್ತ ಕೋಳಿಯ ಮೇಲೆ ಹಳೇ ಪತ್ರಿಕೆ ಹೊದಿಸಿ, ತಲೆ ತಗ್ಗಿಸಿ ಹಿತ್ತಲಲ್ಲಿ ನಿಂತಿದ್ದೆ. ಅಕ್ಕಪಕ್ಕದ ಕಾಂಪೌಂಡುಗಳ ಮೇಲೆ ಆಗಲೇ ನಾಲ್ಕೈದು ತಲೆಗಳು ಮೂಡಿದ್ದವು. ಮೂಡದೆ ಏನು? "ಅಯ್ಯೋ, ಬಿದ್ದುಬಿಡ್ತು! ಹೋಗೇಬಿಡ್ತು!" ಎಂದು ನಾನು ಹಾಕಿದ ಕೂಗು ಬೀದಿಯ ಆ ತುದಿಯ ಚಪ್ಪಲಿ ರಿಪೇರಿ ಅಂಗಡಿಯವರೆಗೂ ಕೇಳಿಸಿತ್ತಂತೆ. ಎಡಗಡೆ ಮನೆಯ ಅಜ್ಜಿ ಗದ್ಗದ ಕಂಠದಲ್ಲಿ, "ಎಷ್ಟು ವಯಸ್ಸಪ್ಪಾ?" ಎಂದರು.

"ಒಂದೂವರೆ ವರ್ಷ" ಎಂದೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. (ಹೋದದ್ದು ಕೋಳಿ ಎಂದು ಅವರಿಗೆ ಆ ತನಕ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಅನುಕಂಪ ಸಿಗುವುದೇ ಅಪರೂಪ.)

ಆ ಹೊತ್ತಿಗೆ ಸರಿಯಾಗಿ ಗೇಟು ಕಿರ್ರೆಂದಿತು. ಹೆಗಲಿಗೊಂದು ಚೀಲ, ಕೈಯಲ್ಲಿ ಕ್ಲಿಪ್ಪು ಹಾಕಿದ ರಟ್ಟಿನ ಮೇಲೊಂದಿಷ್ಟು ಫಾರಂ, ಕಿವಿಯ ಸಂದಿಯಲ್ಲೊಂದು ಪೆನ್ನು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಒಳಗೆ ಬಂದರು. ನೆಲದ ಮೇಲಿನ ಪತ್ರಿಕೆಯನ್ನು ನೋಡಿದರು, ನನ್ನನ್ನು ನೋಡಿದರು.

"ಏನಿದೆ ಅದರಡಿ?"

"ದೇಹ" ಎಂದೆ.

ಅವರು ಕುಕ್ಕರುಗಾಲಲ್ಲಿ ಕೂತು ಪತ್ರಿಕೆಯ ತುದಿ ಎತ್ತಿದರು. ದೇಹವು ಒಂದು ಕಣ್ಣು ತೆರೆಯಿತು.

"ಬಿಸಿಲು ಕಾಯಿಸ್ಕೋತಾ ಇದೆ" ಎಂದರು ಆಕೆ. "ಕೋಳಿಗಳು ಹೀಗೆ ಒಂದು ಮಗ್ಗುಲಿಗೆ ಬಿದ್ದುಕೊಂಡು ರೆಕ್ಕೆ, ಕಾಲು ಚಾಚಿ ಮೈ ಬಿಸಿ ಮಾಡ್ಕೊಳ್ತವೆ. ನೀವು ನೆರಳು ಮಾಡಿಬಿಟ್ಟಿದ್ದೀರಿ."

ಕೋಳಿ ಎದ್ದು ನಿಂತು ಮೈ ಕೊಡವಿ, ಮದುವೆಯಾದ ಲಾಗಾಯ್ತು ನನ್ನ ಹೆಂಡತಿ ನನಗಾಗಿಯೇ ತೆಗೆದಿರಿಸಿರುವಂಥ ಒಂದು ನೋಟವನ್ನು ನನ್ನತ್ತ ಬೀರಿ ಹೊರಟುಹೋಯಿತು. ಗೋಡೆಯ ಮೇಲಿನ ತಲೆಗಳು ಒಂದೊಂದಾಗಿ ಇಳಿದವು. ಅಜ್ಜಿ ಮಾತ್ರ ಇಳಿಯುವ ಮುಂಚೆ ನನ್ನ ಬಗ್ಗೆ ಏನೋ ಒಂದು ಅಂದರು. ಅದನ್ನು ಅಚ್ಚು ಮಾಡಿಸುವುದು ಬೇಡ.

"ನೆಮ್ಮದಿ ಮುದ್ರೆಗೆ ಅರ್ಜಿ ಹಾಕಿರೋ ಮನೆ ಇದೇ ಅಲ್ವಾ? ನಾನು ತಪಾಸಣೆಗೆ ಬಂದಿದೀನಿ" ಎಂದು ಆಕೆ ಪೆನ್ನಿನ ಮುಚ್ಚಳ ತೆಗೆದರು. "ಇಲ್ಲಿ ಕೋಳಿಗಳನ್ನ ನೋಡ್ಕೊಳ್ಳೋ ಪಾಲಕರು ಯಾರು?"

ಅಡುಗೆಮನೆ ಬಾಗಿಲಿಂದ ನನ್ನ ಹೆಂಡತಿಯ ದನಿ ಬಂತು, ಬಹಳ ಸಣ್ಣಗೆ: "ಇವರೇ, ಮೇಡಂ."

ಆ ಸುದ್ದಿ ನನಗೂ ಆಗಲೇ ತಿಳಿದದ್ದು.

*

ನನ್ನ ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಾಳೆ. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಬೇರೆಯವರ ಹೆಸರು, ಬೇರೆಯವರ ಹಲ್ಲು. ಮೂರು ವರ್ಷದ ಹಿಂದೆ ಆರು ಕೋಳಿ ತಂದಳು. ಆರು ಹನ್ನೆರಡಾಯಿತು, ಹನ್ನೆರಡು ಇಪ್ಪತ್ತೆರಡಾಯಿತು. ಮುಖ್ಯರಸ್ತೆಯ ದೊಡ್ಡ ದಿನಸಿ ಅಂಗಡಿಯಲ್ಲಿ ಅವಳ ಮೊಟ್ಟೆಗಳಿಗೆ ಒಂದು ಕಪಾಟು ಸಿಕ್ಕಿತು. ಅದೂ ಕಣ್ಣಳತೆಯ ಕಪಾಟು, ಬಗ್ಗಿ ನೋಡುವಂಥದ್ದಲ್ಲ. ಅದಕ್ಕೆ ತನ್ನ ಕೈಬರಹದಲ್ಲೇ 'ನಮ್ಮ ಹಿತ್ತಲ ಮೊಟ್ಟೆ' ಎಂದು ಬರೆದು, ಕೆಳಗೆ ತನ್ನ ಹೆಸರನ್ನೂ ಬರೆದು ರಟ್ಟು ತೂಗುಹಾಕಿದಳು. ಒಮ್ಮೆ ನಾನು ಬ್ಲೇಡು ತರಲು ಆ ಅಂಗಡಿಗೆ ಹೋದಾಗ ಅವಳು ಸಾಬೂನುಗಳ ಸಾಲಿನ ಮರೆಯಲ್ಲಿ ನಿಂತು ಆ ರಟ್ಟನ್ನೇ ನೋಡುತ್ತಿದ್ದಳು. ನಾನು ನೋಡಿದ್ದನ್ನು ಅವಳಿಗೆ ಈವರೆಗೆ ಹೇಳಿಲ್ಲ. ಬ್ಲೇಡನ್ನೂ ತರಲಿಲ್ಲ.

ಹೀಗಿರುವಾಗ ಅಂಗಡಿಯ ಮ್ಯಾನೇಜರು ಹೇಳಿಕಳಿಸಿದ. ಈಗೀಗ ಗಿರಾಕಿಗಳು ಮೊಟ್ಟೆಯ ಯೋಗಕ್ಷೇಮ ಮಾತ್ರವಲ್ಲ, ಮೊಟ್ಟೆಯ ತಾಯಿಯ ಯೋಗಕ್ಷೇಮವನ್ನೂ ವಿಚಾರಿಸುತ್ತಿದ್ದಾರೆ. ಮುಂದಿನ ತಿಂಗಳಿನಿಂದ ಪ್ರಾಣಿಹಿತದ 'ನೆಮ್ಮದಿ ಮುದ್ರೆ' ಇಲ್ಲದ ಮೊಟ್ಟೆಗೆ ಕಪಾಟಿಲ್ಲ. ಕಪಾಟಿಲ್ಲದಿದ್ದರೆ ಇಪ್ಪತ್ತೆರಡು ಕೋಳಿ ಸಾಕುವುದು ಆಗದ ಮಾತು. ಕೋಳಿ ಕೊಳ್ಳುವ ವ್ಯಾನಿನವನೊಬ್ಬ ಆಗಾಗ ನಮ್ಮ ಬೀದಿಗೆ ಬರುತ್ತಾನೆ. ಅವನು ಕೋಳಿಗಳನ್ನು ಸಾಕುವುದಕ್ಕೆ ಒಯ್ಯುವುದಿಲ್ಲ.

ಈ ಮನೆಯಲ್ಲಿ ಇನ್ನೊಂದು ಜೀವವಿದೆ, ನನ್ನ ಮಗಳು. ಕಾಲೇಜು ಓದುತ್ತಾಳೆ. ಕಳೆದ ವರ್ಷದಿಂದ ವೀಗನ್. ಅಂದರೆ ಹಾಲಿಲ್ಲ, ಬೆಣ್ಣೆಯಿಲ್ಲ, ಜೇನಿಲ್ಲ, ಮೊಟ್ಟೆಯ ಮಾತೇ ಇಲ್ಲ. ಯಾವ ಪೊಟ್ಟಣ ಮನೆಯೊಳಗೆ ಬಂದರೂ ನಾನು ಅಂಚೆಚೀಟಿ ನೋಡಲೆಂದು ಇಟ್ಟುಕೊಂಡಿರುವ ಭೂತಗನ್ನಡಿ ಹಿಡಿದು ಹಿಂದುಗಡೆಯ ಇರುವೆ ಗಾತ್ರದ ಅಕ್ಷರಗಳನ್ನು ಓದುತ್ತಾಳೆ. "ಅಪ್ಪ, ಈ ಬಿಸ್ಕತ್ತಲ್ಲಿ ಹಾಲಿನ ಪುಡಿ ಇದೆ. ವೀಗನ್ ಮುದ್ರೆ ಎಲ್ಲಿ?" ಎಂದು ಬಾಯಿಗಿಟ್ಟದ್ದನ್ನು ಅರ್ಧಕ್ಕೇ ತಡೆಯುತ್ತಾಳೆ. ಹೀಗಾಗಿ ನಮ್ಮ ಅಡುಗೆಮನೆಯಲ್ಲಿ ಎರಡು ಬಗೆಯ ಮುದ್ರೆಗಳು: ಪ್ರಾಣಿಯ ಸೋಂಕೇ ಇಲ್ಲ ಎನ್ನುವ ಮಗಳ ಮುದ್ರೆ, ಪ್ರಾಣಿ ಇದೆ ಆದರೆ ಸುಖವಾಗಿದೆ ಎನ್ನುವ ಹೆಂಡತಿಯ ಮುದ್ರೆ. ಇವೆರಡರ ನಡುವೆ, ಯಾವ ಮುದ್ರೆಯೂ ಇಲ್ಲದ ಪ್ರಾಣಿ ನಾನೊಬ್ಬ.

"ಅಮ್ಮಾ, ಖುಷಿಯಾಗಿರೋ ಕೋಳಿ ಇಟ್ಟ ಮೊಟ್ಟೆನೂ ಆ ಕೋಳಿದೇ ಅಲ್ವಾ?" ಎನ್ನುತ್ತಾಳೆ ಮಗಳು.

"ನಿನಗೆ ತಿನ್ನು ಅಂದ್ನಾ? ಮಾರ್ತೀನಿ ಅಂದೆ."

"ಅದೇ ತಪ್ಪು ಅಂತಿರೋದು."

"ಸರಿ ಹಾಗಾದ್ರೆ. ವ್ಯಾನಿನವನಿಗೆ ಫೋನು ಮಾಡ್ಲಾ?"

ಮಗಳು ಮರುಕ್ಷಣ ಹಿತ್ತಲಿಗೆ ಹೋಗಿ ಕೋಳಿಗಳು ಕೂರುವ ಕೋಲುಗಳನ್ನು ಗರಗಸ ಹಿಡಿದು ತಾನೇ ಕೊಯ್ಯುತ್ತಾಳೆ. ಸಿದ್ಧಾಂತ ಒಂದು ಕಡೆ, ಕೋಳಿ ಒಂದು ಕಡೆ.

ಈಗ ನನ್ನ ವಿಷಯ. ನಾನೊಬ್ಬ ಹಾಸ್ಯ ಪ್ರಬಂಧಕಾರ. ವಾರಪತ್ರಿಕೆಯೊಂದರಲ್ಲಿ ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ; ಪತ್ರಿಕೆಯವರು ಈವರೆಗೆ ಗಮನಿಸಿಲ್ಲದಿರುವುದರಿಂದ ನಿಲ್ಲಿಸಿಲ್ಲ. ಮುದ್ರೆಯ ಅರ್ಜಿಯಲ್ಲಿ, ಹಗಲಿಡೀ ಕೋಳಿಗಳ ಬಳಿ ಇರುವ ಒಬ್ಬ ಪಾಲಕನ ಹೆಸರು ಬರೆಯಿರಿ ಎಂದಿತ್ತಂತೆ. ನನ್ನ ಹೆಂಡತಿ ನನ್ನ ಹೆಸರು ಬರೆದಿದ್ದಳು. ಮುಂದಿನ ಸಾಲು: 'ಪಾಲಕನಿಗೆ ಬೇರೆ ಉದ್ಯೋಗವಿದೆಯೇ?'

"ಏನು ಬರೆದೆ?" ಎಂದು ಆಮೇಲೆ ಅವಳನ್ನು ಕೇಳಿದೆ.

"ಇಲ್ಲ ಅಂತ ಬರೆದೆ."

"ನಾನು ಲೇಖಕ ಕಣೇ!"

"ಅದಕ್ಕೇ ಇಲ್ಲ ಅಂತ ಬರೆದದ್ದು ರೀ."

*

ತಪಾಸಣೆಯವರದು ಒಂದು ವಿಶೇಷ ಕ್ರಮ. ಗೂಡಿನ ಗಾಳಿ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ನಿಮ್ಮ ಹಾಗೆ ನಿಂತು ಮೂಗು ಹಿಡಿಯುವುದಿಲ್ಲ. ನೆಲಕ್ಕೆ ಮೊಣಕಾಲೂರಿ, ಕೋಳಿಯ ಮೂಗು ಎಷ್ಟೆತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ತಮ್ಮ ಮೂಗು ತಂದು ಅಲ್ಲಿಯ ಗಾಳಿ ಎಳೆದುಕೊಳ್ಳುತ್ತಾರೆ. ಆಮೇಲೆ ಕೋಳಿಯ ಅಂಗಾಲು ತಿರುಗಿಸಿ ಗಾಯ ಇದೆಯೇ ನೋಡುತ್ತಾರೆ. ಕೂರುವ ಕೋಲನ್ನು ಟೇಪು ಹಿಡಿದು ಅಳೆಯುತ್ತಾರೆ: ತಲೆಗೊಂದು ಗೇಣಿನಂತೆ ಜಾಗ ಸಿಗಬೇಕು. (ಮೂವರು ಕೂರುವ ನಮ್ಮ ಸೋಫಾದಲ್ಲಿ ಇಸ್ತ್ರಿಗೆ ಹೋಗುವ ಬಟ್ಟೆಯ ಪಕ್ಕ ನನಗೆ ಸಿಗುವ ಜಾಗವನ್ನು ಮನಸ್ಸಿನಲ್ಲೇ ಅಳೆದೆ. ಕೋಳಿಯೇ ವಾಸಿ.)

ಎಲ್ಲ ಆದ ಮೇಲೆ ಕೊನೆಯ ಪರೀಕ್ಷೆ. ಅದರ ಹೆಸರೇ ಹೆದರಿಕೆ ಪರೀಕ್ಷೆ.

"ಪಾಲಕರು ಹಿತ್ತಲ ಮಧ್ಯ ಹೋಗಿ ಸುಮ್ನೆ ನಿಂತ್ಕೊಳ್ಬೇಕು, ಕೈಯಲ್ಲಿ ಕಾಳು ಇರಬಾರದು. ಮೂರು ನಿಮಿಷದಲ್ಲಿ ಎಷ್ಟು ಕೋಳಿ ನಿಮ್ಮ ತೋಳಿನಳತೆಯೊಳಗೆ ಬರ್ತವೆ ಅಂತ ಎಣಿಸ್ತೀನಿ. ಅರ್ಧಕ್ಕರ್ಧ ಬರಬೇಕು. ದಿನಾ ನೋಡ್ಕೊಳ್ಳೋರಿಗೇ ಹೆದರೋ ಕೋಳಿ ನೆಮ್ಮದಿಯಾಗಿದೆ ಅಂತ ಬರೆಯಕ್ಕಾಗಲ್ಲ."

ಹೋಗಿ ನಿಂತೆ. ನಾನು ಕಾಲಿಟ್ಟದ್ದೇ ತಡ, ಹಿತ್ತಲಲ್ಲಿ ಪ್ರಳಯವಾಯಿತು. ಎರಡು ಕೋಳಿ ಗೂಡಿನ ಮಾಡು ಹತ್ತಿದವು. ಒಂದು ಅಜ್ಜಿಯ ಕಾಂಪೌಂಡಿಗೆ ವಲಸೆ ಹೋಯಿತು. ಇನ್ನೊಂದು ಮೊಟ್ಟೆಯಿಡುವ ಪೆಟ್ಟಿಗೆಯೊಳಗೆ ತಲೆ ತೂರಿಸಿ, ತಾನಿನ್ನು ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ನಂಬಿಕೆಯಲ್ಲಿ ಹಿಂಭಾಗವನ್ನು ಹೊರಗೇ ಬಿಟ್ಟಿತ್ತು. ಉಳಿದವೆಲ್ಲ ಬೇಲಿಯ ಮೂಲೆಯಲ್ಲಿ ಒಂದರ ಮೇಲೊಂದು.

"ಇವಕ್ಕೆ ನೀವಂದ್ರೆ ಯಾಕಿಷ್ಟು ಭಯ?" ಎಂದರು ತಪಾಸಣೆಯವರು.

"ಅಪ್ಪ ಬಟ್ಟೆ ಒಣಗಿಸಕ್ಕೆ ಹಿತ್ತಲಿಗೆ ಬಂದಾಗೆಲ್ಲ ಕರೀ ಛತ್ರಿ ಬಿಚ್ಕೊಂಡು ಬರ್ತಾನೆ" ಎಂದಳು ನನ್ನ ಮಗಳು. "ಬಿಸಿಲು ತಡೆಯಲ್ಲ ಅವನಿಗೆ. ಕೋಳಿಗಳು ಗಿಡುಗ ಅಂದ್ಕೊಂಡಿವೆ."

"ಮೇಡಂ, ಪಾಲಕರು ಅಂತ ನನ್ನ ಹೆಸರು ಹಾಕ್ಕೊಳ್ಳಿ" ಎಂದಳು ಹೆಂಡತಿ. "ನನ್ನ ಹತ್ರ ಎಲ್ಲಾ ಬರ್ತವೆ."

"ಅರ್ಜೀಲಿ ಯಾರ ಹೆಸರಿದೆಯೋ ಅವರೇ, ಅಮ್ಮಾ. ಬದಲಾಯಿಸ್ಬೇಕು ಅಂದ್ರೆ ಹೊಸ ಅರ್ಜಿ, ಮೂರು ತಿಂಗಳು ಕಾಯ್ಬೇಕು. ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಹದಿನೈದು ದಿನ ಬಿಟ್ಟು ಬರ್ತೀನಿ." ಅವರು ಫಾರಮ್ಮಿನ ಕೊನೆಯ ಖಾನೆಯಲ್ಲಿ ದುಂಡಗೆ ಒಂದು ಸೊನ್ನೆ ಬರೆದರು. ನನ್ನ ಗಣಿತದ ಮೇಷ್ಟರ ನಂತರ ಅಷ್ಟು ಚೆಂದದ ಸೊನ್ನೆಯನ್ನು ನನಗಾಗಿ ಯಾರೂ ಬರೆದಿರಲಿಲ್ಲ.

ಆ ಸಂಜೆ ಹೆಂಡತಿ ಬೈಯಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಟೇಬಲ್ಲಿನ ಮೇಲೆ ಆ ವಾರದ ಮೊಟ್ಟೆಗಳನ್ನು ಟ್ರೇಯಲ್ಲಿ ಜೋಡಿಸುತ್ತ, ಒಂದೊಂದನ್ನೂ ಒದ್ದೆ ಬಟ್ಟೆಯಿಂದ ಒರೆಸುತ್ತ, "ಇನ್ನೆರಡು ಸಲ ಕಳಿಸಬಹುದು ಅಷ್ಟೇ" ಎಂದಳು. ಯಾರಿಗೂ ಹೇಳಿದಂತೆ ಇರಲಿಲ್ಲ.

"ಹದಿನೈದು ದಿನದಲ್ಲಿ ಆ ಇಪ್ಪತ್ತೆರಡನ್ನೂ ನನ್ನ ಹಿಂದೆ ಸಾಲಾಗಿ ನಡೆಸಿ ತೋರಿಸ್ತೀನಿ" ಎಂದೆ, ಎದೆ ಉಬ್ಬಿಸಿ.

"ಮೊದಲು ಛತ್ರಿ ಮಡಚಿಡಿ" ಎಂದಳು.

*

ತಪಾಸಣೆಯವರು ಬಿಟ್ಟುಹೋಗಿದ್ದ ನಿಯಮಪುಸ್ತಕವನ್ನು ಮಗಳು ನನ್ನ ಕೈಗಿತ್ತಳು. ಮೊದಲ ಪುಟದಲ್ಲೇ ಪ್ರಾಣಿಗಳ ಐದು ಸ್ವಾತಂತ್ರ್ಯಗಳು: ಹಸಿವು ಬಾಯಾರಿಕೆಯಿಂದ ಮುಕ್ತಿ, ಅನನುಕೂಲದಿಂದ ಮುಕ್ತಿ, ನೋವು ರೋಗಗಳಿಂದ ಮುಕ್ತಿ, ಹೆದರಿಕೆ ಬೇಗುದಿಯಿಂದ ಮುಕ್ತಿ, ಕಡೆಯದಾಗಿ ತನ್ನ ಸಹಜ ಸ್ವಭಾವದಂತೆ ನಡೆದುಕೊಳ್ಳುವ ಸ್ವಾತಂತ್ರ್ಯ. ಇದನ್ನೋದಿ ನನ್ನ ಕಣ್ಣು ತೇವವಾಯಿತು. ಇಂಥದ್ದೊಂದು ಸನದು ಜಗತ್ತಿನಲ್ಲಿದೆ, ನಾನು ಮಾತ್ರ ತಪ್ಪು ಜಾತಿಯ ಪ್ರಾಣಿಯಾಗಿ ಹುಟ್ಟಿದ್ದೇನೆ!

"ನೋಡೇ ಇಲ್ಲಿ" ಎಂದು ಹೆಂಡತಿಗೆ ತೋರಿಸಿದೆ. "ಸಹಜ ಸ್ವಭಾವದಂತೆ ಇರೋ ಹಕ್ಕು ಕೋಳಿಗೂ ಇದೆ. ನನಗೆ?"

"ನಿಮ್ಮ ಸಹಜ ಸ್ವಭಾವ ಯಾವುದು?"

"ಮಧ್ಯಾಹ್ನ ಊಟ ಆದ್ಮೇಲೆ ಒಂದು ಗಂಟೆ ಮಲಗೋದು."

"ಕೋಳಿಗಳು ಊಟ ಆದ್ಮೇಲೆ ಮಲಗಲ್ಲ, ಕೆದಕ್ತವೆ. ಹೋಗಿ ಗೂಡಲ್ಲಿರೋ ಹೊಟ್ಟು ಕೆದಕಿ ಬನ್ನಿ, ಗಟ್ಟಿಯಾಗಿದೆ."

ಹೋಗಿ ಕೆದಕಿದೆ. ಕೋಳಿಗಳು ಮಾಡು ಹತ್ತಿ ನೋಡಿದವು.

ಎರಡನೇ ದಿನ ಮಗಳಿಗೊಂದು ಐಡಿಯಾ ಹೊಳೆಯಿತು. ಕೋಳಿಗಳು ಬಟ್ಟೆ ನೋಡಿ ಮನುಷ್ಯರ ಗುರುತು ಹಿಡಿಯುತ್ತವಂತೆ. ಅಮ್ಮ ಕಾಳು ಹಾಕುವಾಗ ಹಾಕಿಕೊಳ್ಳುವ ಹೂವಿನ ಏಪ್ರನ್ನು, ಅವಳ ಹುಲ್ಲಿನ ಟೋಪಿ ಹಾಕಿಕೊಂಡು ಹೋಗು ಎಂದಳು. ಹೋದೆ. ನಿಜವಾಗಿಯೂ ಕೋಳಿಗಳು ಓಡೋಡಿ ಬಂದವು! ಹತ್ತಿರ ಬಂದು ಟೋಪಿಯಡಿ ಇಣುಕಿದವು. ಮುಖ ಕಂಡಿತು. ಮೋಸಹೋದವರ ಕೂಗೊಂದನ್ನು ಹಾಕಿ ಚೆದುರಿದವು. ಗೋಡೆಯಾಚೆಯಿಂದ ಅಜ್ಜಿ, "ಅಮ್ಮಾ, ನಿನ್ನ ಗಂಡನ ಬುದ್ಧಿ ನೆಟ್ಟಗಿದೆಯಾ ಈಗ?" ಎಂದು ನನ್ನನ್ನೇ ಕೇಳಿದರು. ನಾನು ಮೆಲ್ಲಗೆ ಹೆಂಗಸಿನ ದನಿಯಲ್ಲಿ "ಪರವಾಗಿಲ್ಲ" ಎಂದೆ. ಇನ್ನೇನು ಹೇಳಲಿ?

ನಾಲ್ಕನೇ ದಿನ ನನ್ನ ವಾರದ ಪ್ರಬಂಧ ಕಳಿಸಬೇಕಾದ ದಿನ. ಪಾಲಕನು ಹಿತ್ತಲು ಬಿಡಕೂಡದೆಂದು ಹೆಂಡತಿಯ ಆಜ್ಞೆ. ಸರಿ, ಗೂಡಿನ ಪಕ್ಕ ಗಿಡ್ಡ ಸ್ಟೂಲು ಹಾಕಿಕೊಂಡು ಅಲ್ಲೇ ಬರೆಯಲು ಕೂತೆ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದುವುದು ನನ್ನ ಹಳೇ ಅಭ್ಯಾಸ. (ಮನೆಯಲ್ಲಿ ಓದಿದರೆ ಹೆಂಡತಿಗೆ ಕೂಡಲೇ ಒಲೆಯ ಮೇಲೆ ಏನೋ ಇಟ್ಟ ನೆನಪಾಗುತ್ತದೆ, ಮಗಳಿಗೆ ಫೋನು ಬರುತ್ತದೆ, ಬಾರದಿದ್ದರೆ ಅವಳೇ ಮಾಡುತ್ತಾಳೆ.) 'ಸೋರುವ ನಲ್ಲಿ ಮತ್ತು ನಾನು' ಎಂಬ ಆ ಪ್ರಬಂಧವನ್ನು ಓದತೊಡಗಿದೆ. ಮೊದಲ ಪುಟ ಮುಗಿಯುವ ಹೊತ್ತಿಗೆ ಗಲಾಟೆ ನಿಂತಿತು. ಎರಡನೇ ಪುಟದಲ್ಲಿ ಮಾಡಿನ ಮೇಲಿದ್ದವು ಇಳಿದವು. ಮೂರನೇ ಪುಟದಲ್ಲಿ, ಓದುಗ ಮಹಾಶಯರೇ, ನನ್ನ ಸ್ಟೂಲಿನ ಸುತ್ತ ಏಳು ಕೋಳಿಗಳು ರೆಕ್ಕೆ ಮಡಚಿ ಕೂತಿದ್ದವು! ಕೊನೆಯ ಸಾಲಿನವರೆಗೂ ಒಂದಾದರೂ ಏಳಲಿಲ್ಲ. ಹನ್ನೊಂದು ವರ್ಷದ ಸಾಹಿತ್ಯಸೇವೆಯಲ್ಲಿ ಇಂಥ ಸಭೆಯನ್ನು ನಾನು ಕಂಡಿರಲಿಲ್ಲ.

ಮರುದಿನ ಹನ್ನೊಂದು. ಹತ್ತನೇ ದಿನದ ಹೊತ್ತಿಗೆ ಇಪ್ಪತ್ತೆರಡೂ. ನಾನು ಹಳೇ ಸಂಚಿಕೆಗಳ ಕಟ್ಟನ್ನೇ ಹಿತ್ತಲಿಗೆ ಹೊತ್ತೊಯ್ದೆ. ಕೆಲವು ಕೋಳಿಗಳು ಕೊರಳು ಬಾಗಿಸಿ, ಅರೆಗಣ್ಣು ಮುಚ್ಚಿ ರಸದಲ್ಲಿ ಮುಳುಗಿರುತ್ತಿದ್ದವು. ನಗೆಯ ಸಾಲು ಬಂದಾಗ ಒಂದು ಕಂದು ಕೋಳಿ ಗಂಟಲಲ್ಲಿ ಸಣ್ಣಗೆ 'ಕೊರ್ರ್' ಎನ್ನುತ್ತಿತ್ತು. ಸೂಕ್ಷ್ಮ ಹಾಸ್ಯ ಅದಕ್ಕೆ ತಿಳಿಯುತ್ತದೆಂದು ಗುರುತುಹಾಕಿಕೊಂಡೆ. ಈಗೀಗ ನಾನು ಓದದೆ ಸುಮ್ಮನೆ ಹೋಗಿ ನಿಂತರೂ ಸುತ್ತ ನೆರೆಯುತ್ತಿದ್ದವು.

ಹೆಂಡತಿ ಎರಡು ದಿನ ಅಡುಗೆಮನೆ ಕಿಟಕಿಯಿಂದ ಇದನ್ನೆಲ್ಲ ನೋಡಿದಳು. ಆಮೇಲೆ ಹೊರಬಂದು ಹೇಳಿದಳು:

"ಕೋಳಿ ನಿಮಗೆ ಹೊಂದಿಕೊಂಡ್ವಲ್ಲ, ಅಷ್ಟು ಸಾಕು. ಆದ್ರೆ ತಪಾಸಣೆ ದಿನ ಮಾತ್ರ ಓದಬೇಡಿ. ಸುಮ್ನೆ ನಿಂತ್ಕೊಳ್ಳಿ."

"ಯಾಕೆ?"

"ಯಾಕೆ ಅಂತ ಕೇಳ್ಬೇಡಿ. ಹೇಳಿದ್ರೆ ನಿಮಗೇ ಬೇಜಾರಾಗತ್ತೆ."

ಹೊಟ್ಟೆಕಿಚ್ಚು ಎಂದುಕೊಂಡೆ.

*

ಹದಿನೈದನೇ ದಿನ ತಪಾಸಣೆಯವರು ಬಂದರು. ಮೂಗಿನ ಪರೀಕ್ಷೆ ಪಾಸು. ಅಂಗಾಲು ಪಾಸು. ಕೋಲು, ಪೆಟ್ಟಿಗೆ, ನೀರಿನ ತೊಟ್ಟಿ ಎಲ್ಲ ಪಾಸು. ನಾನು ಹಿತ್ತಲ ನಡುವೆ ಹೋಗಿ ನಿಂತೆ. ಒಂದು, ಎರಡು, ಐದು, ಒಂಬತ್ತು. ಮೂರು ನಿಮಿಷದಲ್ಲಿ ಹದಿನೇಳು ಕೋಳಿ! ಮಗಳು ಬಾಗಿಲ ಬಳಿ ಕುಪ್ಪಳಿಸಿದಳು. ಹೆಂಡತಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರು ಮುಗಿದು ಬಹಳ ಹೊತ್ತಾಗಿತ್ತು.

ತಪಾಸಣೆಯವರು ಹದಿನೇಳು ಎಂದು ಬರೆದುಕೊಂಡು, ನನ್ನ ಗಿಡ್ಡ ಸ್ಟೂಲಿನ ಮೇಲೆ ಕೂತು, ಫಾರಂ ಮುಚ್ಚುವ ಮುಂಚೆ ಬಾಯುಪಚಾರಕ್ಕೆಂಬಂತೆ ಕೇಳಿದರು: "ಅಬ್ಬಾ, ಹದಿನೈದೇ ದಿನದಲ್ಲಿ! ಏನು ಮಾಡಿದ್ರಿ ಸರ್?"

ಇಲ್ಲಿ ನಾನು 'ಏನಿಲ್ಲ' ಎಂದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಏನು ಮಾಡಿದಿರಿ ಎಂದು ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು! ಹೆಂಡತಿ ಅವರ ಬೆನ್ನ ಹಿಂದಿನಿಂದ ಕಣ್ಣು ಬಿಟ್ಟಳು, ತಲೆ ಅಲ್ಲಾಡಿಸಿದಳು, ಕೊನೆಗೆ ಎರಡೂ ಕೈ ಜೋಡಿಸಿದಳು. ಕಲಾವಿದನ ಕಣ್ಣಿಗೆ ಅವೆಲ್ಲ ಕಾಣುವುದಿಲ್ಲ.

"ಹೇಳೋದೇನು, ತೋರಿಸ್ತೀನಿ" ಎಂದು ಜೇಬಿನಿಂದ 'ಸೋರುವ ನಲ್ಲಿ ಮತ್ತು ನಾನು' ತೆಗೆದು ಶುರುಮಾಡಿದೆ.

ಒಂದೂವರೆ ಪುಟ. ಕೊರಳುಗಳು ಬಾಗಿದವು. ಎರಡನೇ ಪುಟ. ರೆಕ್ಕೆಗಳು ಜೋತುಬಿದ್ದವು. ಮೂರನೇ ಪುಟದ ನಗೆಯ ಸಾಲಿಗೆ ಬರುವಷ್ಟರಲ್ಲಿ ಇಪ್ಪತ್ತೆರಡು ಕೋಳಿಗಳೂ ನೆಲಕ್ಕಂಟಿ, ಕಣ್ಣಿಗೆ ಪೊರೆ ಎಳೆದುಕೊಂಡು, ಅಲುಗಾಟವಿಲ್ಲದೆ ಬಿದ್ದಿದ್ದವು. ಕಂದು ಕೋಳಿ 'ಕೊರ್ರ್' ಎಂದಿತು. ಅದು ನಗೆಯಲ್ಲ, ಗೊರಕೆ ಎಂಬುದು ನನಗೆ ಹೊಳೆದದ್ದು ಆಗ.

ತಪಾಸಣೆಯವರು ಎದ್ದರು. ಮುಖದಲ್ಲಿದ್ದ ಸೌಜನ್ಯ ಹಾರಿಹೋಗಿತ್ತು. ಒಂದು ಕೋಳಿಯನ್ನೆತ್ತಿ ಕೆಳಗಿಟ್ಟರು. ಅದು ಇಟ್ಟಲ್ಲೇ ಕೂತಿತು. ಫಾರಂ ತಿರುವಿ ಕೆಂಪು ಗೆರೆಯ ಪುಟ ತೆಗೆದರು.

"ಮಂಪರು. ರೆಕ್ಕೆ ಜೋಲು. ಸುತ್ತಲಿನ ಪರಿವೆ ಇಲ್ಲ" ಎಂದು ಓದುತ್ತ ಒಂದೊಂದಕ್ಕೂ ಗುರುತು ಹಾಕಿದರು. "ಅದೂ ಇಪ್ಪತ್ತೆರಡೂ ಒಟ್ಟಿಗೆ. ಅಮ್ಮಾ, ನೀರಿಗೆ ಏನು ಬೆರೆಸಿದೀರಿ?"

"ಅಯ್ಯೋ ದೇವ್ರೇ, ಏನೂ ಇಲ್ಲ ಮೇಡಂ!"

"ತಪಾಸಣೆ ದಿನ ಕೋಳಿ ಓಡಬಾರದು ಅಂತ ನಿದ್ದೆ ಮದ್ದು ಹಾಕೋರನ್ನ ನಾನು ನೋಡಿದೀನಿ. ಮದ್ದು ಹಾಕಿರೋದು ಹೌದಾದ್ರೆ ಮೂರು ವರ್ಷ ಮುದ್ರೆಗೆ ಅರ್ಜಿ ಹಾಕೋ ಹಾಗಿಲ್ಲ. ನಿಯಮ ಇದೆ."

ಬಾಗಿಲ ಬಳಿಯಿಂದ ಮಗಳು, "ಅಪ್ಪಾ, ಹೇಳು!" ಎಂದಳು. ಏನು ಹೇಳಲಿ? ಹೇಳುವುದಕ್ಕೆ ಒಂದೇ ಸತ್ಯವಿತ್ತು, ಅದನ್ನು ಹೇಳಿದರೆ ಹನ್ನೊಂದು ವರ್ಷ ಹೋಗುತ್ತಿತ್ತು. ಹಾಗಾಗಿ ಮೊದಲು ಇನ್ನೊಂದನ್ನು ಪ್ರಯತ್ನಿಸಿದೆ.

"ಮೇಡಂ, ಇದು ಮಂಪರಲ್ಲ. ಕೇಳ್ತಾ ಕೇಳ್ತಾ ಅವು ತನ್ಮಯವಾಗಿವೆ."

ಅವರು ಫಾರಮ್ಮನ್ನು ಮೇಲಿಂದ ಕೆಳಗೆ ಬೆರಳಾಡಿಸಿ ನೋಡಿದರು. ತಮಾಷೆಗಲ್ಲ, ನಿಜವಾಗಿಯೂ ಹುಡುಕಿದರು.

"ತನ್ಮಯತೆಗೆ ಕಾಲಂ ಇಲ್ಲ ಸರ್. ರೋಗ, ಮದ್ದು, ಇತರೆ. ಇತರೆ ಅಂದ್ರೆ ಕಾರಣ ಬರೀಬೇಕು."

ಹೆಂಡತಿಯತ್ತ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕೋಳಿಗಳನ್ನು ನೋಡುತ್ತಿದ್ದಳು, ಅಂದು ಸಾಬೂನುಗಳ ಮರೆಯಿಂದ ಆ ರಟ್ಟನ್ನು ನೋಡುತ್ತಿದ್ದಂತೆ. ಅವಳು ಬಾಯಿ ತೆರೆಯಬಹುದಿತ್ತು. ಕಾರಣ ಅವಳಿಗೆ ಕೆಲವು ದಿನದ ಹಿಂದೆಯೇ ಗೊತ್ತಿತ್ತು. ಆದರೂ ಹೇಳುತ್ತಿರಲಿಲ್ಲ, ಮಹಾತಾಯಿ; ಹೊರಗಿನವರೆದುರು ಗಂಡನ ಮಾನ ತೆಗೆಯಬಾರದೆಂದು ಕಪಾಟನ್ನೇ ಕಳೆದುಕೊಳ್ಳಲು ನಿಂತಿದ್ದಳು. (ಒಳಗಿನವರೆದುರು ತೆಗೆಯುವುದು ಬೇರೆ ವಿಷಯ.)

"ಇತರೆ ಅಂತ ಬರ್ಕೊಳ್ಳಿ ಮೇಡಂ" ಎಂದೆ. "ಕಾರಣ, ನನ್ನ ಪ್ರಬಂಧ."

ಬೇರೆಯವರಾಗಿದ್ದರೆ ನಗುತ್ತಿದ್ದರು. ತಪಾಸಣೆಯವರು ನಗಲಿಲ್ಲ. "ಹೇಳಿದ ಮಾತ್ರಕ್ಕೆ ಬರಿಯಕ್ಕಾಗಲ್ಲ, ಪರೀಕ್ಷೆ ಆಗ್ಬೇಕು" ಎಂದರು. "ಓದೋದು ನಿಲ್ಸಿ."

ಆಗಲೇ ನಿಲ್ಲಿಸಿದ್ದೆನಲ್ಲ, ಇನ್ನೆರಡು ನಿಮಿಷದಲ್ಲಿ ಕೋಳಿಗಳು ಎದ್ದು ಮೈ ಕೊಡವಿ ನೆಲ ಕೆದಕತೊಡಗಿದವು. ತಪಾಸಣೆಯವರು ಸ್ಟೂಲಿನ ಮೇಲೆ ಕೂತು, "ಮತ್ತೆ ಓದಿ" ಎಂದರು. ಓದಿದೆ. ಬಿದ್ದುಕೊಂಡವು. ಗಡಿಯಾರ ನೋಡಿ ಸಮಯ ಬರೆದುಕೊಂಡರು.

"ಇದು ಬರಹದಿಂದಲೋ ಅಥವಾ ನಿಮ್ಮ ದನಿಯಿಂದಲೋ ಅನ್ನೋದು ಗೊತ್ತಾಗ್ಬೇಕಲ್ಲ" ಎಂದು ನಿಯಮಪುಸ್ತಕವನ್ನು ಕೈಗೆ ಕೊಟ್ಟರು. "ಇದನ್ನ ಓದಿ."

ನನಗೆ ಜೀವ ಬಂದಂತಾಯಿತು. ದನಿಯದು ತಪ್ಪೆಂದು ಸಾಬೀತಾದರೆ ಬರಹ ಉಳಿಯುತ್ತದೆ! ಸಾಧ್ಯವಾದಷ್ಟು ಎಳೆದು, ಜೋಗುಳದಂತೆ, 'ಹಿಕ್ಕೆ ವಿಲೇವಾರಿ' ಎಂಬ ಅಧ್ಯಾಯವನ್ನು ಎರಡು ಪುಟ ಓದಿದೆ. ಕೋಳಿಗಳು ಲವಲವಿಕೆಯಿಂದ ಕೆದಕಿದವು. ಎರಡು ಕೋಳಿ ಹತ್ತಿರ ಬಂದು ಪುಸ್ತಕದ ತುದಿಯನ್ನು ಕುಕ್ಕಿ ನೋಡಿದವು. ಕಂದು ಕೋಳಿಯಂತೂ ಕತ್ತು ನಿಗುರಿಸಿ ಪ್ರತಿ ವಾಕ್ಯಕ್ಕೂ ತಲೆ ಆಡಿಸಿತು.

"ದನಿಯಲ್ಲಿ ದೋಷ ಇಲ್ಲ" ಎಂದು ಬರೆದುಕೊಂಡು ಸ್ಟೂಲಿನಿಂದ ಎದ್ದು ನಿಂತರು. "ಈಗ ಮಗಳು ಬರಲಿ. ನಿಮ್ಮ ಪ್ರಬಂಧ ಅವಳು ಓದಲಿ."

ಮಗಳ ದನಿ ಗಂಟೆಯಂಥದ್ದು, ಬೀದಿಯ ಆ ತುದಿಯಲ್ಲಿ ಮಲಗಿದವರೂ ಏಳಬೇಕು. ಅವಳು ಕಣ್ಣರಳಿಸಿ, ಕೈ ಆಡಿಸಿ, ಭಾವ ತುಂಬಿ ಓದಿದಳು. ನನ್ನ ನಗೆಯ ಸಾಲುಗಳಲ್ಲಿ ತಾನೇ ನಕ್ಕಳು, ಪಾಪದ ಮಗು. ಎರಡನೇ ಪುಟ ಮಗುಚುವ ಮುಂಚೆ ಇಪ್ಪತ್ತೆರಡೂ ಸಾಲಾಗಿ ಬಿದ್ದುಕೊಂಡವು. ಗೋಡೆಯಾಚೆ ಯಾರೋ ಆಕಳಿಸಿದ್ದು ಸ್ಪಷ್ಟವಾಗಿ ಕೇಳಿಸಿತು. ಅಜ್ಜಿ.

ತಪಾಸಣೆಯವರು ಕೆಂಪು ಗೆರೆಯ ಪುಟವನ್ನು ಕಾಟುಹಾಕಿ, 'ಇತರೆ' ಎಂಬಲ್ಲಿ ನಾಲ್ಕು ಸಾಲು ಬರೆದು ನನ್ನ ಮುಂದೆ ಹಿಡಿದರು. 'ಕೋಳಿಗಳು ಆರೋಗ್ಯವಾಗಿವೆ. ಮದ್ದು ಬಳಸಿಲ್ಲ. ಪಾಲಕನು ಬರೆದ ಹಾಸ್ಯ ಬರಹವನ್ನು ಓದಿದಾಗ, ಯಾರು ಓದಿದರೂ, ಮಂಪರು ಉಂಟಾಗುತ್ತದೆ. ಷರತ್ತು: ಕೋಳಿಗಳಿಗೆ ಕೇಳಿಸುವಷ್ಟು ದೂರದಲ್ಲಿ ಸದರಿ ಬರಹವನ್ನು ಗಟ್ಟಿಯಾಗಿ ಓದತಕ್ಕದ್ದಲ್ಲ.' ಕೆಳಗೆ, 'ಮೇಲಿನದು ನಿಜವೆಂದು ಒಪ್ಪಿದ್ದೇನೆ.'

"ಇಲ್ಲೊಂದು ಸಹಿ ಹಾಕಿ ಸರ್."

ಹನ್ನೊಂದು ವರ್ಷದಲ್ಲಿ ನನ್ನ ಹಸ್ತಾಕ್ಷರವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಮೂರು ಪ್ರತಿಗಳಲ್ಲಿ ಹಾಕಿಕೊಟ್ಟೆ.

ಮುದ್ರೆಯ ಕಾಗದ ಹೆಂಡತಿಯ ಕೈಗೆ ಬಂತು. ಅವಳು ಅದನ್ನು ಎರಡು ಸಲ ಓದಿ, ಒದ್ದೆ ಬಟ್ಟೆ ಹಿಡಿದ ಕೈಯಿಂದಲೇ ನನ್ನ ತೋಳನ್ನೊಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಆಮೇಲೆ ಮಗಳಿಗೆ, "ಅಂಗಡಿಗೆ ಫೋನು ಮಾಡೇ, ಕಪಾಟು ಯಾರಿಗೂ ಕೊಡಬೇಡಿ ಅಂತ ಹೇಳು" ಎಂದಳು. ಮಗಳು ಸಿದ್ಧಾಂತವನ್ನೆಲ್ಲ ಬದಿಗಿಟ್ಟು ಓಡಿದಳು.

ತಪಾಸಣೆಯವರನ್ನು ಗೇಟಿನವರೆಗೆ ಕಳಿಸಲು ನಾನೇ ಹೋದೆ. ಮನಸ್ಸು ತಡೆಯಲಿಲ್ಲ. ಎಷ್ಟೆಂದರೂ ಓದು ಬರಹ ಬಲ್ಲವರು, ಎಚ್ಚರವಾಗಿದ್ದುಕೊಂಡು ನನ್ನದೊಂದು ಪ್ರಬಂಧವನ್ನು ಸಾಲುಬಿಡದೆ ಕೇಳಿದವರು ಪ್ರಪಂಚದಲ್ಲಿ ಅವರೊಬ್ಬರೇ.

"ಮೇಡಂ, ಕೋಳಿಗಳ ಮಾತು ಬಿಡಿ, ಅವಕ್ಕೇನು ಗೊತ್ತು" ಎಂದೆ. "ಒಂದಲ್ಲ ಎರಡಲ್ಲ, ಮೂರು ಸಲ ಕೇಳಿದ್ರಿ. ನಿಮಗೆ ಹೇಗನ್ನಿಸ್ತು?"

ಅವರು ಪೆನ್ನಿಗೆ ಮುಚ್ಚಳ ಹಾಕಿ, ಕಿವಿಯ ಸಂದಿಗೆ ಸಿಕ್ಕಿಸಿಕೊಂಡು, ಚೀಲ ಹೆಗಲಿಗೇರಿಸಿದರು.

"ಅದಕ್ಕೇ ಸರ್, ಮೂರನೇ ಸಲ ನಾನು ನಿಂತ್ಕೊಂಡು ಕೇಳಿದ್ದು."